ಒಂಬತ್ತು ಡಿಗ್ರಿ ನೀರಿನ ಮೇಲೆ

ನೀರು ಒಳಬಿಡದ ಡ್ರೈಸೂಟಿನ ಕತ್ತಿನ ರಬ್ಬರ್ ಪಟ್ಟಿಯೊಳಗೆ ತಲೆ ತೂರಿಸುವುದೇ ಬೆಳಗಿನ ಮೊದಲ ಕಸರತ್ತು. ಕಿವಿ ಮಡಚಿ, ಮೂಗು ಅಪ್ಪಚ್ಚಿಯಾಗಿ, ಇನ್ನೇನು ಉಸಿರುಕಟ್ಟಿತು ಅನ್ನುವಾಗ ತಲೆ ಹೊರಬರುತ್ತದೆ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯ, ಅನಾಕಾರ್ಟಿಸ್ ಊರಂಚಿನ ವಾಷಿಂಗ್ಟನ್ ಪಾರ್ಕ್. ನವೆಂಬರ್ ಕೊನೆ. ಗಾಳಿ 4 ಡಿಗ್ರಿ, ನೀರು 9. ನಾಯಿ ಹಿಡಿದು ಹೊರಟ ಅಜ್ಜಿಯೊಬ್ಬರು ನನ್ನ ವೇಷ ನೋಡಿ ನಗುತ್ತಾರೆ. ನಗಲಿ. ಇಲ್ಲಿ ಬಟ್ಟೆ ಆರಿಸುವುದು ನೀರಿನ ಚಳಿ ನೋಡಿ. ಗಾಳಿಯ ಚಳಿಗೆ ಉಣ್ಣೆ ಟೋಪಿ ಸಾಕು.

ಕಯಾಕ್ 5 ಮೀಟರ್ ಉದ್ದ, ಅಗಲ ಎರಡಡಿಯೂ ಇಲ್ಲ. ಕಾಲು ಚಾಚಿ ಕೂತು, ಸೊಂಟಕ್ಕೆ ಸುತ್ತಿದ ಸ್ಪ್ರೇ ಸ್ಕರ್ಟಿನ ಅಂಚನ್ನು ದೋಣಿಯ ಬಾಯಿಗೆ ಸುತ್ತಲೂ ಸಿಕ್ಕಿಸುತ್ತೇನೆ. ಮುಂದಿನ ಕುಣಿಕೆ ಹೊರಗೇ ಇದೆಯೇ ಎಂದು ಮತ್ತೆ ಮುಟ್ಟಿ ನೋಡುತ್ತೇನೆ. ಮಗುಚಿದರೆ ಅದನ್ನೆಳೆದೇ ಹೊರಬರಬೇಕು. ಕಾರವಾರದ ಕಡಲಾದರೆ ಬಿದ್ದವನು ನಗುತ್ತ ಏಳಬಹುದು. ಈ ನೀರಿನ ಲೆಕ್ಕವೇ ಬೇರೆ: ಒಂದು, ಹತ್ತು, ಒಂದು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಜನರ ಬಾಯಿಗೆ ತಂದ ಲೆಕ್ಕ ಇದು. ಬಿದ್ದ ಮೊದಲ 1 ನಿಮಿಷ ಉಸಿರು ಎದ್ವಾತದ್ವಾ ಎಳೆಯುತ್ತದೆ, ಅದನ್ನು ಹತೋಟಿಗೆ ತರಬೇಕು. ನಂತರದ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಚಳಿಗೆ ಸಾಯುವ ಮುಂಚೆಯೇ ಎಷ್ಟೋ ಜನ ಮೊದಲ ನಿಮಿಷಗಳಲ್ಲೇ ನೀರು ಕುಡಿದು ಸಾಯುತ್ತಾರೆ ಎಂಬುದು ಇದರ ತಾತ್ಪರ್ಯ.

ಎದುರಿಗೆ ರೊಸಾರಿಯೊ ಜಲಸಂಧಿ. ಆಚೆ ಜೇಮ್ಸ್ ದ್ವೀಪ, 5 ಕಿ.ಮೀ.ಗಿಂತ ತುಸು ಹೆಚ್ಚು. ದೂರ ದೊಡ್ಡದಲ್ಲ, ಸೆಳೆತ ದೊಡ್ಡದು. ಉಬ್ಬರದಲ್ಲಿ ಇಡೀ ಕಡಲು ಉತ್ತರಕ್ಕೆ ಹರಿಯುತ್ತದೆ, ಇಳಿತದಲ್ಲಿ ದಕ್ಷಿಣಕ್ಕೆ. ಅದರ ಜೋರಿನ ಹೊತ್ತಿನ ವೇಗವೂ ನನ್ನ ಹುಟ್ಟಿನ ವೇಗವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹರಿವು ತಿರುಗುವ ಮುನ್ನ ನೀರು ಸುಮ್ಮನಾಗುವ ಹೊತ್ತೇ ದಾಟುವ ಹೊತ್ತು. ಇವತ್ತು ಬೆಳಿಗ್ಗೆ 9ರ ಸುಮಾರಿಗೆ ಒಮ್ಮೆ, ಮಧ್ಯಾಹ್ನ 3ಕ್ಕೆ ಇನ್ನೊಮ್ಮೆ. ಸೂರ್ಯ 4:20ಕ್ಕೆಲ್ಲ ಮುಳುಗುತ್ತಾನೆ. ದಾಟುವ ಈ ಎರಡು ಹೊತ್ತಿನ ನಡುವೆ ಇಡೀ ದಿನ ಆಚೆಯೇ ಕಳೆಯಬೇಕು.

ಅರ್ಧ ದಾರಿ ಮುಟ್ಟುವ ಮುಂಚೆ ರೇಡಿಯೊ ಗೊಣಗುತ್ತದೆ. ಹಡಗುಗಳ ಓಡಾಟ ನಿಯಂತ್ರಿಸುವ ‘ಸಿಯಾಟಲ್ ಟ್ರಾಫಿಕ್’ ಜತೆ ಯಾವುದೋ ಟ್ಯಾಂಕರ್ ಮಾತಾಡುತ್ತಿದೆ. ಅನಾಕಾರ್ಟಿಸಿನ ಮಾರ್ಚ್ ಪಾಯಿಂಟ್‌ನಲ್ಲಿ ತೈಲ ಸಂಸ್ಕರಣಾಗಾರಗಳಿವೆ, ಕಚ್ಚಾ ತೈಲದ ಹಡಗುಗಳಿಗೂ ಇದೇ ದಾರಿ. ದಕ್ಷಿಣದಲ್ಲಿ ಕಪ್ಪು ಗೋಡೆ, ಬೆನ್ನಿಗೊಂದು ಟಗ್. ಅಷ್ಟೆತ್ತರದಲ್ಲಿ ನಿಂತವರಿಗೆ ನಾನು ಕಾಣುವುದಿಲ್ಲ ಎಂದೇ ಇಟ್ಟುಕೊಳ್ಳಬೇಕು. ಹುಟ್ಟು ನಿಲ್ಲಿಸಿ ಕಾಯುತ್ತೇನೆ. ಕಾಯುವುದೇ ಕಷ್ಟ: ಬೆನ್ನಿನ ಬೆವರು ಕೂಡಲೇ ತಣ್ಣಗಾಗುತ್ತದೆ. ಗೋಡೆ ದಾಟಿ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ಅದರ ಅಲೆಗಳು ಬರುತ್ತವೆ, ಒಂದರ ಹಿಂದೊಂದು, ಉದ್ದನೆಯವು. ಹುಟ್ಟಿನ ಬೆನ್ನನ್ನು ನೀರಿಗೆ ಚಪ್ಪಟೆ ಆನಿಸಿ, ಸೊಂಟ ಸಡಿಲ ಬಿಡುತ್ತೇನೆ. ಎರಡನೆಯ ಅಲೆ ತೊಡೆಯವರೆಗೆ ನುಗ್ಗಿ ಸ್ಕರ್ಟಿನ ಮೇಲಿಂದ ಜಾರಿಹೋಗುತ್ತದೆ. ಹಿಂದೆ ‘ಫುಸ್’ ಎಂದು ಯಾರೋ ಉಸಿರು ಬಿಟ್ಟ ಹಾಗೆ. ತಿರುಗಿದರೆ ಬೋಳುತಲೆಯ ಸೀಲ್, ಮೀಸೆಯ ತುದಿಯಲ್ಲಿ ನೀರಹನಿ. ನನ್ನನ್ನು ಒಂದು ನಿಮಿಷ ದಿಟ್ಟಿಸಿ, ಆಸಕ್ತಿ ಕಳೆದುಕೊಂಡು ಮುಳುಗುತ್ತದೆ.

ಜೇಮ್ಸ್ ದ್ವೀಪದ ದಂಡೆ ಪೂರಾ ಬೆಣಚುಕಲ್ಲು. ಮೇಲೆ ಮಡ್ರೋನಾ ಮರಗಳು, ಕೆಂಪು ತೊಗಟೆ ಸುರುಳಿ ಸುರುಳಿಯಾಗಿ ಕಿತ್ತುಬಂದಿದೆ. ಇಳಿದ ತಕ್ಷಣ ಮಾಡಬೇಕಾದ ಕೆಲಸ ಒಂದು: ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ತಾಗಿಸುವುದು. ಬಲಗೈ ತಾಗುತ್ತದೆ. ಎಡಗೈ ಉಂಗುರದ ಬೆರಳಿಗೇ ನಿಂತುಬಿಡುತ್ತದೆ. ಬೆರಳು ಇಷ್ಟು ಮೊಂಡಾದರೆ ರೇಡಿಯೊದ ಗುಂಡಿ ಒತ್ತಲೂ ಆಗದು. ಕೈಯನ್ನು ಕಂಕುಳಿಗೆ ಸೇರಿಸಿ, ಮೊಣಕಾಲಿನಿಂದ ಥರ್ಮಾಸ್ ಒತ್ತಿ ಹಿಡಿದು ಮುಚ್ಚಳ ತಿರುಗಿಸುತ್ತೇನೆ. ಶುಂಠಿ ಕಷಾಯ. ಬೆಲ್ಲ ಜಾಸ್ತಿಯಾಗಿದೆ, ಇವತ್ತು ಅದೂ ಬೇಕು. ಅವಲಕ್ಕಿ ಡಬ್ಬಿ ತೆರೆದದ್ದೇ ತಡ ಪೊದೆಯಿಂದ ರಕೂನ್ ಒಂದು ಇಣುಕುತ್ತದೆ. ಈ ದ್ವೀಪದಲ್ಲಿ ಅವುಗಳದ್ದೇ ಕಾರುಬಾರು.

ಉಬ್ಬರ ಜೋರಾಗಿರುವಾಗ ದಂಡೆಗೆ ಅಂಟಿಕೊಂಡೇ ಪಕ್ಕದ ಡಿಕೇಟರ್ ದ್ವೀಪದ ಅಂಚನ್ನು ಸುತ್ತಾಡುತ್ತೇನೆ. ಅದರಲ್ಲಿ ಹೇಳುವಂಥದ್ದೇನಿಲ್ಲ, ಮೈ ಬಿಸಿಯಾಗಿಟ್ಟುಕೊಳ್ಳುವ ಉಪಾಯ ಅಷ್ಟೆ.

2:30. ದಕ್ಷಿಣದ ಗಾಳಿ ಎದ್ದಿದೆ. ನೀರು ಇನ್ನೂ ಉತ್ತರಕ್ಕೇ ಹರಿಯುತ್ತಿರುವುದರಿಂದ ಗಾಳಿ, ಸೆಳೆತ ಎರಡೂ ಒಂದೇ ದಿಕ್ಕು; ಅಲೆ ಕೆರಳುವುದಿಲ್ಲ. 3 ದಾಟಿ ಸೆಳೆತ ತಿರುಗಿತೋ, ಗಾಳಿಗೆ ಎದುರಾಗಿ ನೀರು ನಿಗುರಿ ನಿಲ್ಲುತ್ತದೆ. ಹೊರಡಲೇಬೇಕು. ಸೇರಬೇಕಾದ್ದು ಪಾರ್ಕ್, ಆದರೆ ಮೂತಿ ಇಡುವುದು ಅದಕ್ಕೂ ದಕ್ಷಿಣದ ಬರೋಸ್ ದ್ವೀಪದ ದೀಪಸ್ತಂಭದ ಕಡೆ. 1906ರ ಬಿಳಿ ಕಟ್ಟಡ, ಕೆಂಪು ಸೂರು. ಅದರತ್ತ ಹುಟ್ಟು ಹಾಕುತ್ತ ಹಾಕುತ್ತ, ದೋಣಿ ಅಡ್ಡಡ್ಡ ಜಾರಿ ಪಾರ್ಕಿನ ಕಡೆ ಸಾಗುತ್ತದೆ. ಬಲಗಡೆಯಿಂದ ಅಲೆ, ಬಲಗೆನ್ನೆಯಲ್ಲಿ ಉಪ್ಪು. ಮಾತಿಗೆ ಯಾರೂ ಇಲ್ಲ, ಹಾಗಾಗಿ ಹುಟ್ಟಿನ ಏಟು ಎಣಿಸುತ್ತೇನೆ, ನೂರಾದರೆ ಮತ್ತೆ ಒಂದು.

ದಂಡೆಗೆ ಕಯಾಕ್ ಉಜ್ಜಿದಾಗ ಇನ್ನೂ ಬೆಳಕಿದೆ. ಮೊದಲು ಮನೆಗೆ ಫೋನು: “ಮುಟ್ಟಿದೆ.” 5ರೊಳಗೆ ಈ ಕರೆ ಬರದಿದ್ದರೆ ಕೋಸ್ಟ್ ಗಾರ್ಡ್‌ಗೆ ತಿಳಿಸಬೇಕೆಂದು ಹೇಳಿಯೇ ಹೊರಟಿದ್ದೆ. ಒಬ್ಬನೇ ಹೋಗುವವನಿಗೆ ಇದಿಲ್ಲದೆ ದಂಡೆ ಬಿಡುವ ಹಕ್ಕಿಲ್ಲ.

ಸಿಯಾಟಲ್ ಕಡೆಯ ಕನ್ನಡಿಗರು ಬೇಸಿಗೆಯಲ್ಲಿ ಇಲ್ಲಿಗೆ ಸಂಸಾರ ಸಮೇತ ಬರುತ್ತೀರಿ. ಜುಲೈ ಬಿಸಿಲು ನಂಬಿ, ಚಡ್ಡಿ ಬನಿಯನ್ನಿನಲ್ಲಿ ಕಯಾಕ್ ಹತ್ತಿ ದಂಡೆಯಿಂದ ದೂರ ಹೋಗಬೇಡಿ. ಆಗಲೂ ಈ ಜಲಸಂಧಿಯ ನೀರು 12 ಡಿಗ್ರಿ ದಾಟುವುದು ಅಪರೂಪ.