ಮುಳುಗದವರನ್ನು ನೋಡಿ ದ್ವೀಪ ಆರಿಸಿ

ಮನೆಯಲ್ಲಿ ಒಬ್ಬರಿಗೆ ಸ್ಕೂಬಾ ಹುಚ್ಚು, ಉಳಿದವರು ಮೊಣಕಾಲುದ್ದ ನೀರಿಗಷ್ಟೇ ಇಳಿಯುವವರು ಎಂದಾದರೆ, ದ್ವೀಪ ಆರಿಸಬೇಕಾದದ್ದು ಆ ಉಳಿದವರನ್ನು ನೋಡಿ. ಡೈವಿಂಗ್‌ನವರು ಬೆಳಗ್ಗೆ ದೋಣಿ ಹತ್ತಿದರೆ ಮರಳುವುದು ಮಧ್ಯಾಹ್ನಕ್ಕೆ. ಅಷ್ಟು ಹೊತ್ತು ಅಮ್ಮ, ಮಕ್ಕಳು ಏನು ಮಾಡಬೇಕು?

ನನ್ನ ಮತ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ; 2018ರವರೆಗೆ ಹ್ಯಾವ್‌ಲಾಕ್ ಎನ್ನುತ್ತಿದ್ದರಲ್ಲ, ಅದೇ. ರಾಧಾನಗರ ಬೀಚಿನ ಅಂಚಿಗೇ ಎತ್ತರದ ಮರಗಳು. ನೆರಳು ಹಿಡಿದು ಕೂತರೆ ಅಜ್ಜಿಗೂ ಬೇಸರವಾಗದು. ಎಲಿಫೆಂಟ್ ಬೀಚಿನಲ್ಲಿ ಹವಳ ದಡಕ್ಕೆ ತೀರಾ ಸಮೀಪ. ಈಜು ಬಾರದವರೂ ಗೈಡ್ ಜೊತೆ ತೇಲುತ್ತಾ ಸ್ನಾರ್ಕೆಲಿಂಗ್ ಮಾಡಬಹುದು. ಮೀನು ನೋಡುವ ಸುಖ ಅವರಿಗೂ ಸಿಗಬೇಕು ಅಲ್ಲವೇ?

ಇನ್ನೊಂದು ವಿಷಯ ಟಿಕೆಟ್ ಕಾಯ್ದಿರಿಸುವ ಮುನ್ನವೇ ನೆನಪಿರಲಿ. ಡೈವಿಂಗ್ ಮುಗಿಸಿದ ಮೇಲೆ ವಿಮಾನ ಹತ್ತಲು 18 ಗಂಟೆಯಾದರೂ ಕಾಯಬೇಕು, ದಿನಾ ಮುಳುಗಿದವರು 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಆ ಕೊನೆಯ ದಿನವನ್ನು ಶ್ರೀ ವಿಜಯಪುರಂನ (2024ರವರೆಗೆ ಪೋರ್ಟ್ ಬ್ಲೇರ್) ಸೆಲ್ಯುಲರ್ ಜೈಲಿಗೆ ಇಡಿ, ಎಲ್ಲರೂ ಒಟ್ಟಿಗೆ ಹೋಗಿ.

ಎರಡೇ ದಿನ ರಜೆಯಿದ್ದರೆ ನಮ್ಮ ನೇತ್ರಾಣಿ ಇದೆ. ದ್ವೀಪದಲ್ಲಿ ತಂಗಲು ವ್ಯವಸ್ಥೆಯಿಲ್ಲ, ದೋಣಿ ಮುರ್ಡೇಶ್ವರದಿಂದ. ಹೋದವರು ಬರುವತನಕ ಉಳಿದವರಿಗೆ ದೇವಸ್ಥಾನ, 20 ಅಂತಸ್ತಿನ ಗೋಪುರದ ಲಿಫ್ಟು, ಕಡಲ ಗಾಳಿ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ; ಅಕ್ಟೋಬರ್ ಕಳೆದ ಮೇಲೆ ವಿಚಾರಿಸಿಕೊಂಡು ಹೊರಡಿ.