ನಾಲ್ಕು ಕೋಣೆಗೆ ಹನ್ನೆರಡು ಜೊತೆ ಬೆಡ್‌ಶೀಟ್

ಅಪ್ಪ ಕಾಫಿ ಒಣಗಿಸಲು ಹಾಕಿಸಿದ ಸಿಮೆಂಟ್ ಕಣದಲ್ಲಿ ಈಗ ಶನಿವಾರ ಸಂಜೆಯ ಹೊತ್ತಿಗೆ ಐದಾರು ಕಾರು ನಿಂತಿರುತ್ತವೆ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿ, ಮೂರು ಕಿಲೋಮೀಟರ್ ಮಣ್ಣುರಸ್ತೆ ದಾಟಿದರೆ ನಮ್ಮ ಮನೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ನಾಲ್ಕು ಕೋಣೆಗಳನ್ನು ದಿನದ ಬಾಡಿಗೆಗೆ ಕೊಡುತ್ತಿದ್ದೇವೆ.

ನಾನು ಹುಡುಗನಾಗಿದ್ದಾಗಲೂ ಈ ಮನೆ ತುಂಬಿಯೇ ಇರುತ್ತಿತ್ತು. ಬೇಸಿಗೆ ರಜೆಗೆ ಬಂದ ನೆಂಟರ ಮಕ್ಕಳು ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರು. ಧರ್ಮಸ್ಥಳಕ್ಕೆ ಹೊರಟು ಕೊನೆಯ ಬಸ್ಸು ತಪ್ಪಿಸಿಕೊಂಡ ಅಪರಿಚಿತರಿಗೂ ಊಟ, ಕಂಬಳಿ ಸಿಗುತ್ತಿತ್ತು. ಅದನ್ನು ದೊಡ್ಡತನ ಎಂದು ಹೊಗಳುವವರು ಇವತ್ತಿಗೂ ಇದ್ದಾರೆ. ಅಕ್ಕಿ ಗದ್ದೆಯದು, ಸೌದೆ ತೋಟದ್ದು. ನಾಲ್ಕೂವರೆಗೆ ಎದ್ದು ರೊಟ್ಟಿ ತಟ್ಟಿದ್ದು ಅಮ್ಮ ಮತ್ತು ಚಿಕ್ಕಮ್ಮ. ಹೆಸರು ಬಂದದ್ದು ಅಜ್ಜನಿಗೆ.

ಆಗ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಿದರೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. 1996ರ ಹೊತ್ತಿಗೆ ಆ ವ್ಯವಸ್ಥೆ ಪೂರ್ತಿ ಹೋಯಿತು, ಬೆಳೆಗಾರ ಯಾರಿಗೆ ಬೇಕಾದರೂ ಮಾರಬಹುದಾಯಿತು. ಮೊದಮೊದಲು ಒಳ್ಳೆಯ ಬೆಲೆಯೇ ಸಿಕ್ಕಿತು. ಆಮೇಲೆ ವಿಯೆಟ್ನಾಮಿನ ರೊಬಸ್ಟಾ ಮಾರುಕಟ್ಟೆಗೆ ನುಗ್ಗಿ, 2001-02ರಲ್ಲಿ ಬೆಲೆ ಮಕಾಡೆ ಮಲಗಿತು. ಶನಿವಾರದ ಬಟವಾಡೆಗೆ ದುಡ್ಡಿಲ್ಲದೆ ಅಪ್ಪ ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು. ಅದನ್ನು ನಾನು ನೋಡಿದ್ದೇನೆ.

2003ರಲ್ಲಿ ಗೆಳೆಯನೊಬ್ಬ ತನ್ನ ಆಫೀಸಿನ ಆರು ಜನರನ್ನು ಬೆಂಗಳೂರಿನಿಂದ ಕರೆತಂದ. ಎರಡು ರಾತ್ರಿ ಇದ್ದು, ಹೊರಡುವಾಗ ದುಡ್ಡು ಕೊಡಲು ಬಂದರು. ಅಮ್ಮ ಮುಟ್ಟಲಿಲ್ಲ. "ಅನ್ನಕ್ಕೆ ದುಡ್ಡು ಇಸ್ಕಂಡ್ರೆ ಅದು ಹೋಟ್ಲು ಕಣೋ, ಮನೆ ಅಲ್ಲ" ಅಂದಳು. ಅವರು ನೋಟುಗಳನ್ನು ಫ್ರಿಡ್ಜಿನ ಮೇಲಿಟ್ಟು ಹೋದರು. ಗುರುವಾರದವರೆಗೂ ಅಲ್ಲೇ ಇದ್ದವು. ಶನಿವಾರ ಅಪ್ಪ ಅದರಲ್ಲೇ ಬಟವಾಡೆ ಮಾಡಿದರು. ಆ ಮೇಲೆ ಅಮ್ಮ ಆ ಮಾತು ಎತ್ತಲಿಲ್ಲ.

ಕೋಣೆ ಬಾಡಿಗೆಗೆ ಕೊಟ್ಟು ಗೆಲ್ಲುವುದು ಹೇಗೆ ಎಂದು ಕೇಳುವ ಊರ ಹುಡುಗರಿಗೆ ನಾನು ಮೊದಲು ಹೇಳುವುದು ಬೆಡ್‌ಶೀಟಿನ ವಿಷಯ. ಹಿಂದೆ ಮಳೆಗಾಲದಲ್ಲಿ ಮಲೆನಾಡಿಗೆ ಯಾರೂ ಬರುತ್ತಿರಲಿಲ್ಲ. ಈಗ ಮಳೆ, ಮಂಜು ನೋಡಲೆಂದೇ ಜೂನ್, ಜುಲೈಯಲ್ಲಿ ಜನ ಬರುತ್ತಾರೆ. ನಮ್ಮ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರ ಗಳದ ಮೇಲೆ ಹರವಿ ಒಣಗಿಸುತ್ತಿದ್ದೆವು. ಹೊಗೆ ವಾಸನೆ ನಮಗೆ ವಾಸನೆಯೇ ಅಲ್ಲ. ದುಡ್ಡು ಕೊಟ್ಟು ಮಲಗುವವರಿಗೆ ಹಾಗೆ ಹೇಳಲಾಗುತ್ತದೆಯೇ? ಮೊದಲ ಮಳೆಗಾಲದಲ್ಲಿ ತಣ್ಣಗೆ ಅಂಟುವ ಹಾಸಿಗೆಯ ಮೇಲೆ ಮಲಗಿದ ಒಂದು ಸಂಸಾರ ಬೆಳಗಿನ ತಿಂಡಿಯನ್ನೂ ತಿನ್ನದೆ ಹೋಯಿತು. ಆಗ ನಾಲ್ಕು ಕೋಣೆಗೆ ಹನ್ನೆರಡು ಜೊತೆ ತಂದೆ. ಹಾಸಿಗೆಯ ಮೇಲೊಂದು, ಒಗೆತದಲ್ಲೊಂದು, ಕಪಾಟಿನಲ್ಲೊಂದು. ಆಮೇಲೆ ಒಣಗಿಸುವ ಮೆಷಿನ್ನು, ಅದಕ್ಕೆಂದು ಜನರೇಟರ್. ಈಜುಕೊಳ ಕಟ್ಟಿಸುವ ದುಡ್ಡು ಇದ್ದವರೂ ಮೊದಲು ಇದನ್ನು ಮಾಡಲಿ.

ಇನ್ನೊಂದು ಪಾಠ ಇಂಬಳ ಕಲಿಸಿದ್ದು. ಆಗಸ್ಟಿನಲ್ಲಿ ತೋಟ ಸುತ್ತಿ ಬಂದ ಅತಿಥಿಯೊಬ್ಬರ ಕಾಲಲ್ಲಿ ರಕ್ತ ಇಳಿಯುತ್ತಿತ್ತು. ಮನೆ ತುಂಬ ಹುಳ ಎಂದು ಇಂಟರ್‌ನೆಟ್ಟಿನಲ್ಲಿ ಬರೆದರು. ಬೇಸರವಾಯಿತು, ಆದರೆ ತಪ್ಪು ನನ್ನದು. ಇಂಬಳ ಇರುತ್ತದೆ ಎಂದು ನಾನು ಹೇಳಿಯೇ ಇರಲಿಲ್ಲ. ಈಗ ಫೋನಿನಲ್ಲೇ ಎಲ್ಲ ಹೇಳುತ್ತೇನೆ: ಇಂಬಳ ಹತ್ತುತ್ತದೆ, ಕರೆಂಟು ಹೋಗುತ್ತದೆ, ತಗ್ಗು ಕಾರು ಕೊನೆಯ ಏರು ಹತ್ತುವುದಿಲ್ಲ, ರಾತ್ರಿ ಜೋರು ಹಾಡು ಹಾಕುವಂತಿಲ್ಲ. ಕೇಳಿದ ಹತ್ತು ಜನರಲ್ಲಿ ನಾಲ್ವರು ಬೇಡ ಎನ್ನುತ್ತಾರೆ. ಬಂದವರು ಮತ್ತೆ ಬರುತ್ತಾರೆ. ಬರೀ ಹೇಳಿ ಮುಗಿಸಲಾಗದ್ದು ಒಂದಿದೆ: ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಲು ಬಿಟ್ಟಿಲ್ಲ. ಗಾಳಿಯಾಡದ ಜಾಗದಲ್ಲಿ ಅದರಿಂದ ತುಂಬುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಸದ್ದೂ ಇಲ್ಲ. ಕೆಟ್ಟ ಸುದ್ದಿಗಳನ್ನು ಸಾಕಷ್ಟು ಓದಿದ್ದೇನೆ.

ನೆಲಮಂಗಲದಿಂದ ಹಾಸನಕ್ಕೆ ನಾಲ್ಕು ಪಥದ ರಸ್ತೆಯಾದ ಮೇಲೆ ಬರುವವರು ಹೆಚ್ಚಾದರು. ಆಸೆಯೂ ಹೆಚ್ಚಾಯಿತು. ಇಡೀ ವ್ಯವಹಾರವನ್ನು ಹೊರಗಿನವರೊಬ್ಬರಿಗೆ ಗುತ್ತಿಗೆ ಕೊಟ್ಟು ನಾವು ಚಿಕ್ಕಮಗಳೂರಿಗೆ ಹೋದೆವು. ಎರಡು ವರ್ಷ. ಪಕ್ಕದವರ ಕಣದಲ್ಲಿ ಹರವಿದ್ದ ಕಾಫಿಯ ಮೇಲೆ ಯಾರೋ ಜೀಪು ಓಡಿಸಿದರು. ಅಡಿಗೆಗೆ ಬರುತ್ತಿದ್ದ, ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟರು. ಗಂಡಸರ ಗುಂಪು ಕುಡಿದು ಕೂತಲ್ಲಿಗೆ ಊಟ ತಂದುಕೊಡು ಎಂದರೆ ಯಾರು ಬರುತ್ತಾರೆ? ನಾವು ವಾಪಸು ಬಂದ ಮೇಲೆ ಅವರ ಮನೆಗಳಿಗೆ ಹೋಗಿ ಕ್ಷಮೆ ಕೇಳಿ, ಕೂಲಿ ಹೆಚ್ಚಿಸಿ ಮತ್ತೆ ಕರೆತಂದೆ. ಹೋಂಸ್ಟೇ ಎಂದು ಸರ್ಕಾರದಲ್ಲಿ ನೋಂದಾಯಿಸಬೇಕಾದರೆ ಮನೆಯವರು ಅಲ್ಲೇ ವಾಸವಿರಬೇಕು. ಆ ನಿಯಮ ಯಾಕಿದೆ ಎಂದು ನನಗೆ ಆಗ ತಿಳಿಯಿತು.

ಇನ್ನೂ ಬಗೆಹರಿಯದ ಒಂದು ತಕರಾರಿದೆ. ಅರೇಬಿಕಾ ಕೊಯ್ಲು ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯೂ ಆಗಲೇ. ಎರಡಕ್ಕೂ ಬೇಕಾದ ಕೈಗಳು ಅವೇ. ಆ ತಿಂಗಳು ಎರಡು ಕೋಣೆಗೆ ಬೀಗ ಹಾಕುತ್ತೇನೆ. ಕೈಬಿಟ್ಟುಹೋದ ಬಾಡಿಗೆ ಕಣ್ಣಿಗೆ ಹೊಡೆಯುತ್ತದೆ, ಆದರೆ ಗಿಡದಲ್ಲಿ ಹಣ್ಣು ಕಾಯುವುದಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿದಾಗ, ಅದರ ಮರುವರ್ಷ ಕೊರೊನಾ ಬಂದಾಗ, ಮನೆ ನಡೆದದ್ದು ಕಾಫಿ, ಮೆಣಸಿನಿಂದಲೇ.

ಮೇ ತಿಂಗಳು ಈಗ ನಮಗೆ ಸೀಸನ್ನು. ಹೋದ ವರ್ಷ ಏಪ್ರಿಲಿನಲ್ಲಿ ಚಿಕ್ಕಮ್ಮನ ಮಗ ಫೋನ್ ಮಾಡಿ, "ಅಣ್ಣ, ಮಕ್ಕಳನ್ನ ಕರ್ಕೊಂಡು ಬರೋಣ ಅಂತ. ಎಷ್ಟಾಗತ್ತೆ?" ಎಂದ. ಇದೇ ನಡುಮನೆಯಲ್ಲಿ ನನ್ನ ಪಕ್ಕ ಮಲಗಿ ಬೆಳೆದವನು. ಅವನ ಅವ್ವ ಈ ಒಲೆಯ ಮುಂದೆ ರೊಟ್ಟಿ ತಟ್ಟಿದವಳು. ನಿನ್ನ ಹತ್ರ ದುಡ್ಡು ತಗೊಳ್ತೀನಾ ಎಂದೆ. ಮೇ ಮುಗಿಯುವವರೆಗೆ ಕೋಣೆ ಖಾಲಿ ಇಲ್ಲ ಎಂದೂ ಹೇಳಿದೆ. ಅಡಿಗೆಮನೆಯಿಂದ ಅಮ್ಮ, "ನಡುಮನೆಲಿ ಚಾಪೆ ಹಾಸಿದ್ರಾಯ್ತು, ಬರಕ್ಕೇಳು" ಎಂದಳು. ನಡುಮನೆಯಲ್ಲಿ ಈಗ ಅತಿಥಿಗಳ ಊಟದ ಮೇಜುಗಳಿವೆ.

ಅವನು ಜೂನ್ ಎರಡನೆಯ ವಾರ ಬಂದ. ಮಕ್ಕಳಿಗೆ ಶಾಲೆ ಶುರುವಾಗಿತ್ತು. ಒಬ್ಬನೇ ಬಂದ.