ಬಾರ್ದೇಸಿನ ಇಗರ್ಜಿಗೆ ಹಂಚು

ಕರ್ಮಳಿಯಲ್ಲಿ ರೈಲಿಳಿದರೆ ಹಳೆ ಗೋವಾ ಹತ್ತಿರ. ನಾನು ಹೊರಟಿದ್ದು ಮಾಂಡೋವಿ ನದಿಯ ಆಚೆಗಿನ ಬಾರ್ದೇಸಿನ ಒಂದು ಹಳ್ಳಿಗೆ. ನಮ್ಮ ಮನೆತನದ ಮೂಲ ಇಗರ್ಜಿ, ಅಂದರೆ ಚರ್ಚು, ಅಲ್ಲಿದೆ ಎಂದು ಅಜ್ಜ ಹೇಳುತ್ತಿದ್ದರು. ಅದರ ಮಾಡು ಸೋರುತ್ತಿದೆ, ಜೀರ್ಣೋದ್ಧಾರಕ್ಕೆ ಹಣ ಸೇರಿಸುತ್ತಿದ್ದಾರೆ ಎಂದು ತಿಳಿದ ಮೇಲೆ ಮಂಗಳೂರಿನ ನೆಂಟರಿಂದ ಸಂಗ್ರಹಿಸಿದ ಕಾಣಿಕೆ ನನ್ನ ಚೀಲದಲ್ಲಿತ್ತು.

ಇನ್‌ಕ್ವಿಸಿಶನ್ (ಚರ್ಚಿನ ಮತವಿಚಾರಣೆ), ಬರ, ಮರಾಠರ ದಾಳಿ ಎಂದು ಕಾಲಕಾಲಕ್ಕೆ ಗೋವಾ ಬಿಟ್ಟು ಕೆನರಾಕ್ಕೆ ಬಂದವರು ನಮ್ಮ ಹಿರಿಯರು. ಇಲ್ಲಿ ಅವರು ಕಟ್ಟಿಕೊಂಡ ಇಗರ್ಜಿಗಳಲ್ಲಿ ಬಹಳಷ್ಟು 1784ರಲ್ಲಿ ಟಿಪ್ಪುವಿನ ಕಾಲಕ್ಕೆ ನೆಲಸಮವಾದವು. ಹಿರಿಯರು ಮೊಣಕಾಲೂರಿದ ಇಗರ್ಜಿಯ ಗೋಡೆ ಎಲ್ಲಾದರೂ ಉಳಿದಿದ್ದರೆ ಅದು ಆ ಹಳ್ಳಿಯಲ್ಲೇ.

ದಾರಿಯಲ್ಲಿ ಹಳೆ ಗೋವಾದ ಸಂತ ಅಗಸ್ಟೀನರ ಪಾಳು ಇಗರ್ಜಿಯ ಗೋಪುರದ ಬುಡದಲ್ಲಿ ನಿಂತೆ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಸನ್ಯಾಸಿಗಳನ್ನು ಹೊರಹಾಕಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಕಮಾನು ಛಾವಣಿ ಕುಸಿಯಿತು, 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ಛಾವಣಿ ಹೋದ ಕಟ್ಟಡ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಳೆ ಗೋವಾದಲ್ಲೇ ಇರುವ ಬೋಂ ಜೇಸು ಬೆಸಿಲಿಕಾದ ಕಥೆ ಬೇರೆ. 1950ರ ದಶಕದಲ್ಲಿ ಅದರ ಹೊರಗಾರೆಯನ್ನು ಕೆರೆದು ತೆಗೆದರು. ಮುರಕಲ್ಲಿನ ಕೆಂಪು ಕಣ್ಣಿಗೆ ಚೆಂದ. ಆದರೆ ಮುರಕಲ್ಲು ತೂತುತೂತು, ಮಳೆ ಹೀರುತ್ತದೆ. ಸುಣ್ಣದ ಗಾರೆಯೇ ಅದರ ಚರ್ಮ. ಸಿಮೆಂಟು ಬಳಿದರೂ ಕೆಡುಕೇ: ಒಳಗಿನ ತೇವ ಹೊರಬರಲಾಗದೆ ಕಲ್ಲನ್ನೇ ತಿನ್ನುತ್ತದೆ.

ಹಳ್ಳಿಯ ಇಗರ್ಜಿಯಲ್ಲಿ ಕಂಡದ್ದೂ ಇದೇ. ಯಾವಾಗಲೋ ಬಳಿದ ಸಿಮೆಂಟು ಉಬ್ಬಿ, ತಟ್ಟಿದರೆ ಟೊಳ್ಳು ಸದ್ದು. ಪಕಾಸುಗಳಿಗೆ ಗೆದ್ದಲು. ಕೆಳಗೆ ಮಾತ್ರ ಕೆತ್ತನೆಯ ಪೀಠ, ಅಲ್ಲಲ್ಲಿ ಇನ್ನೂ ಹೊಳೆಯುವ ಚಿನ್ನದ ರೇಕು.

ಸಮಿತಿಯ ಹಿರಿಯರೊಬ್ಬರು ರಸೀದಿ ಪುಸ್ತಕ ತೆಗೆದರು. "ಪೀಠಕ್ಕೆ ಬಂಗಾರ ಅಂದರೆ ಕುವೈತಿನಿಂದಲೂ ಫೋನು ಬರ್ತದೆ ಬಾಬ್. ಗೆದ್ದಲು ತಿಂದ ಪಕಾಸಿಗೆ ಅಂದರೆ ಯಾರೂ ಮಾತಾಡುವುದಿಲ್ಲ" ಎಂದರು. ಹಿಂದೆ ಇಂಥ ಖರ್ಚಿಗೆ ಊರ ಮೂಲ ಮನೆತನಗಳ, ಅಂದರೆ ಗಾಂವ್ಕಾರರ, ಜಮೀನು ಸಂಘವಾದ ಕೊಮುನಿದಾದ್ ಇತ್ತು. ಅದರ ಗದ್ದೆಗಳ ಉತ್ಪತ್ತಿಯಲ್ಲಿ ಇಗರ್ಜಿಗೆ ಪಾಲು ಹೋಗುತ್ತಿತ್ತು. ಆ ಆದಾಯ ಕರಗಿದ ಮೇಲೆ ಊರು ಬಿಟ್ಟವರ ದುಡ್ಡೇ ಆಧಾರ. ಕೊಟ್ಟವರಿಗೆ ಹೆಸರಿನ ಕಲ್ಲು ಬೇಕು, ಕಲ್ಲು ಕಾಣುವಲ್ಲಿರಬೇಕು. ಮಾಡಿನ ಮೇಲೆ ಹೆಸರು ಕೆತ್ತಲಾಗದು.

ನನಗೆ ಆ ಹಿರಿಯರ ಮಾತು ನಾಟಿತು. ಭಕ್ತಿಯಿಂದ ಕೊಟ್ಟದ್ದನ್ನು ಹಗುರಾಗಿ ಕಾಣಲಾರೆ, ಆದರೂ ಸೋರುವ ಮಾಡಿನ ಕೆಳಗೆ ಬಂಗಾರ ಹಚ್ಚುವುದು ತಪ್ಪು. ಮೊದಲು ಮಾಡು, ಆಮೇಲೆ ನೀರು ಹರಿಯುವ ದಂಬೆ, ಆಮೇಲೆ ಸಿಮೆಂಟು ಕಿತ್ತು ಸುಣ್ಣ. ಪೀಠ ಕಾಯಲಿ.

ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಗೋಡೆಯ ಬದಿಯಲ್ಲೇ ಇದ್ದರು. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಸಿಡಬೇಕು, ಬಳಿದ ಮೇಲೂ ಮೆಲ್ಲಗೆ ಒಣಗಬೇಕು, ಅವಸರ ಮಾಡಿದರೆ ಬಿರಿಯುತ್ತದೆ ಎಂದರು. ಸಿಮೆಂಟಿಗಿಂತ ಕೂಲಿ ಹೆಚ್ಚು, ದಿನವೂ ಹೆಚ್ಚು. ದಾನಿಗಳಿಗೆ ಮೊದಲೇ ಹೇಳಬೇಕಾದ್ದು ಇದನ್ನೇ.

ರಸೀದಿಯಲ್ಲಿ ‘ಬಾಬ್ತು’ ಎಂಬಲ್ಲಿ ‘ಹಂಚು, ಪಕಾಸು, ರೀಪು’ ಎಂದು ಬರೆಸಿದೆ. ಅಂಗಳದಿಂದಲೇ ದುಬೈಯ ಸೋದರತ್ತೆಯ ಮಗನಿಗೆ ಫೋನು ಮಾಡಿ, ಗೆದ್ದಲು ತಿಂದ ಪಕಾಸಿನ ಚಿತ್ರ ಕಳಿಸಿದೆ. ತನ್ನ ತಾಯಿಯ ಹೆಸರಲ್ಲಿ ಮಾಡಿನ ಉತ್ತರದ ಇಳಿಜಾರಿನ ಖರ್ಚು ಕೊಡುತ್ತೇನೆಂದ. ಹೆಸರಿನ ಕಲ್ಲು ಕೇಳಲಿಲ್ಲ. ಮುಂಗಾರಿಗೆ ಮುಂಚೆ ದಕ್ಷಿಣದ ಇಳಿಜಾರಿಗೂ ಯಾರಾದರೂ ಒಪ್ಪಬೇಕು. ಮಂಗಳೂರಿಗೆ ಮರಳಿದ ಮೇಲೆ ಕೇಳಬೇಕಾದ ಮನೆಗಳ ಪಟ್ಟಿಯನ್ನು ಬಸ್ಸಿನಲ್ಲೇ ಬರೆಯತೊಡಗಿದೆ.